ಅಪ್‌ಡೇಟ್: ಎರವಲು ದೋಣಿಯಲ್ಲಿ ಅಲಪ್ಪುಳ ಸ್ಪರ್ಧೆ ಮುಗಿಸಿ ಬಂದೆವು

ಕಾರವಾರದಿಂದ ಕೇರಳದ ಅಲಪ್ಪುಳದ ರೋಯಿಂಗ್ ಸ್ಪರ್ಧೆಗೆ ನಮ್ಮ ಡಬಲ್ ಸ್ಕಲ್ (ಇಬ್ಬರು ಕುಳಿತು, ಒಬ್ಬೊಬ್ಬರು ಎರಡೆರಡು ಹುಟ್ಟು ಹಾಕುವ) ದೋಣಿಯನ್ನು ಸಾಗಿಸುವುದು ಹೇಗೆ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ‘ದೋಣಿಯನ್ನು ಅಲ್ಲಿಯೇ ಎರವಲು ಪಡೆಯಿರಿ, ನಿಮ್ಮ ದೋಣಿಯಲ್ಲಿ ಹಲಗೆ, ಹುಟ್ಟು ಹೊಂದಿಸಿದ ಅಳತೆಗಳನ್ನು ಮಾತ್ರ ಬರೆದುಕೊಂಡು ಹೋಗಿ’ ಎಂದು ಹಿರಿಯರೊಬ್ಬರು ಉತ್ತರಿಸಿದ್ದರು. ಅವರಿಗೆ ಕೈಮುಗಿಯುತ್ತೇನೆ. 10 ಮೀಟರಿಗೂ ಉದ್ದದ ದೋಣಿಯ ಚಿಂತೆ ಬಿಟ್ಟು, ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯೊಂದಿಗೆ ನಾನು ಮತ್ತು ನನ್ನ ತಮ್ಮ ನೇತ್ರಾವತಿ ಎಕ್ಸ್‌ಪ್ರೆಸ್ ರೈಲು ಹತ್ತಿದೆವು.

ಅಲ್ಲಿ ಸಿಕ್ಕ ದೋಣಿ ನಮಗಿಂತ ಎತ್ತರದವರಿಗೆ ಹೊಂದಿಸಿದ್ದಾಗಿತ್ತು. ಪಾದ ಒತ್ತುವ ಹಲಗೆ ಕಾಲಿಗೆ ತೀರಾ ದೂರ. ಹುಟ್ಟಿನ ಹಿಡಿ ಎದೆಯ ಮಟ್ಟ ದಾಟುತ್ತಿತ್ತು. ಚೀಟಿಯಲ್ಲಿದ್ದ ಅಳತೆ ನೋಡಿ, ಕಿಸೆಯಲ್ಲಿದ್ದ 10 ಮಿಲಿಮೀಟರ್ ಸ್ಪ್ಯಾನರಿನಿಂದ ಸರಿಪಡಿಸಲು ಅರ್ಧ ಗಂಟೆ ಹಿಡಿಯಿತು. ಸ್ಪರ್ಧೆಯ ಹಿಂದಿನ ದಿನವೇ ತಲುಪಿದ್ದು ಎಷ್ಟು ಒಳ್ಳೆಯದಾಯಿತು!

ನಮ್ಮೂರ ಕಾಳಿ ನದಿಯಲ್ಲಿ ಸದಾಶಿವಗಡದ ಬಳಿ ಉಬ್ಬರ ಇಳಿತ ನೋಡಿಯೇ ನೀರಿಗಿಳಿಯುವವರು ನಾವು. ಅಲಪ್ಪುಳದಲ್ಲಾದರೆ ಹಿನ್ನೀರಿನ ಮೇಲೆ ತೇಲುವ ಕಳೆ ಅಂತರಗಂಗೆಯೇ ದೊಡ್ಡ ತೊಡಕು. ಅಭ್ಯಾಸದ ವೇಳೆ ದೋಣಿಯಡಿಯ ಪುಟ್ಟ ರೆಕ್ಕೆಗೆ ಬೇರು ಸುತ್ತಿಕೊಂಡು ದೋಣಿ ಭಾರವಾಯಿತು. ನಾಲ್ಕು ಬಾರಿ ಹಿಂದಕ್ಕೆ ಹುಟ್ಟು ಹಾಕಿದಾಗ ಕಳಚಿತು. ಸ್ಪರ್ಧೆಗೆ ಮುನ್ನವೂ ತಪ್ಪದೆ ಹಾಗೆಯೇ ಮಾಡಿದೆವು.

2000 ಮೀಟರಿನಲ್ಲಿ ನಾಲ್ಕನೆಯವರಾದೆವು. ಕೊನೆಯ 500 ಮೀಟರಿನಲ್ಲಿ ನನ್ನ ತಮ್ಮ ಲಯ ತಪ್ಪಲಿಲ್ಲ, ಅದು ನನಗೆ ಪದಕದಷ್ಟೇ ದೊಡ್ಡದು. ಅಳತೆಯ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ.