ಪಕ್ಷೇತರವಾಗಿ ವಿಧಾನಸಭೆಗೆ: ನಾಮಪತ್ರ ತಿರಸ್ಕಾರ ಆಗದಂತೆ ಏನೇನು ನೋಡಿಕೊಳ್ಳಬೇಕು?

ಬದುವಿನಹಾದಿ:
ವಿಧವಾ ವೇತನ, ಪಡಿತರ ಚೀಟಿ, ಉದ್ಯೋಗ ಖಾತರಿ ಕೂಲಿ ಬಾಕಿ ಅಂತ ಜನರ ಜೊತೆ ತಾಲ್ಲೂಕು ಕಚೇರಿಗೆ ಅಲೆಯುವ ಅಕ್ಕ ಒಬ್ಬರನ್ನು ಮುಂದಿನ ವಿಧಾನಸಭಾ ಚುನಾವಣೆಗೆ ನಿಲ್ಲಿಸಬೇಕು ಅಂತ ಸುತ್ತಲಿನ ಹಳ್ಳಿಯವರು ಮಾತಾಡಿಕೊಂಡಿದ್ದಾರೆ. ಸಾಮಾನ್ಯ ಕ್ಷೇತ್ರ, ಪಕ್ಷ ಇಲ್ಲ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅಕ್ಕನ ಊರು ಪಕ್ಕದ ಕ್ಷೇತ್ರಕ್ಕೆ ಹೋಗಿದೆ, ವೋಟು ಅಲ್ಲಿದೆ. ಸೂಚಕರಾಗಿ (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರಾಗಿ) ಬರುವವರಲ್ಲಿ ಅರ್ಧ ಜನ ಹೆಬ್ಬೆಟ್ಟಿನವರು. ಎಲ್ಲಿ ಎಡವಬಹುದು? ಖರ್ಚಿನ ಲೆಕ್ಕ ಹೇಗಿಡಬೇಕು?

ನಮೂನೆಇಪ್ಪತ್ತಾರು:
ವೋಟು ಪಕ್ಕದ ಕ್ಷೇತ್ರದಲ್ಲಿದ್ದರೆ ತೊಂದರೆ ಇಲ್ಲ. 25 ವರ್ಷ ತುಂಬಿ, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಆದರೆ ಆ ಪಟ್ಟಿಯ ಸಂಬಂಧಪಟ್ಟ ಭಾಗದ ದೃಢೀಕೃತ ನಕಲನ್ನು ನಾಮಪತ್ರದ ಜೊತೆಗೋ, ತಪ್ಪಿದರೆ ಪರಿಶೀಲನೆ ಹೊತ್ತಿಗೋ ಹಾಜರುಪಡಿಸಲೇಬೇಕು. ಮೊಬೈಲಿನಲ್ಲಿ ತೋರಿಸಿದರೆ ನಡೆಯುವುದಿಲ್ಲ.

ಸೂಚಕರ ವಿಷಯ ಬೇರೆ. ಪಕ್ಷೇತರರಿಗೆ ಹತ್ತು ಸೂಚಕರು ಬೇಕು, ಹತ್ತೂ ಜನ ನೀವು ನಿಲ್ಲಿಸುವ ಕ್ಷೇತ್ರದ ಮತದಾರರೇ ಆಗಿರಬೇಕು. ಅಕ್ಕನ ಊರಿನವರು ಸಹಿ ಹಾಕಿದರೆ ಕೆಟ್ಟಿತು! ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿ ನೋಡಿಯೇ ಬರೆಯಿರಿ. ಹಳೇ ಚೀಟಿಯಲ್ಲಿನ ಸಂಖ್ಯೆ ಬದಲಾಗಿರುತ್ತದೆ. ಹೆಬ್ಬೆಟ್ಟನ್ನು ಮನೆಯಲ್ಲೇ ಒತ್ತಿಸಿಕೊಂಡು ಬರುವ ಹಾಗಿಲ್ಲ. ಚುನಾವಣಾಧಿಕಾರಿ ಅಥವಾ ಅದಕ್ಕೆಂದು ನೇಮಿಸಿದ ಅಧಿಕಾರಿಯ ಎದುರೇ ಒತ್ತಬೇಕು. ಕೊಠಡಿಯೊಳಗೆ ಒಮ್ಮೆಗೆ ಬಿಡುವುದು ಬೆರಳೆಣಿಕೆಯ ಜನರನ್ನು, ಸಮಯ ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಆದ್ದರಿಂದ ಆದಷ್ಟು ಸಹಿ ಮಾಡುವವರನ್ನೇ ಹುಡುಕಿ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರ ಕೊಡಬಹುದು, ಠೇವಣಿ ಒಂದೇ (10,000 ರೂ., ಪರಿಶಿಷ್ಟರಿಗೆ 5,000). ಬೇರೆ ಬೇರೆ ಸೂಚಕರಿಂದ ಕನಿಷ್ಠ ಎರಡು ಸೆಟ್ ಹಾಕಿಸಿ. ಒಂದು ಬಿದ್ದರೂ ಇನ್ನೊಂದು ನಿಲ್ಲುತ್ತದೆ.

ಆಸ್ತಿ, ಸಾಲ, ಪ್ರಕರಣಗಳ ವಿವರ ಕೊಡುವ ಅಫಿಡವಿಟ್ಟಿನಲ್ಲಿ, ಅಂದರೆ ನಮೂನೆ 26ರಲ್ಲಿ, ಯಾವ ಕಲಮನ್ನೂ ಖಾಲಿ ಬಿಡಬೇಡಿ, ಗೆರೆ ಎಳೆಯಲೂಬೇಡಿ. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದು ಅಕ್ಷರದಲ್ಲೇ ಬರೆಯಿರಿ. ಖಾಲಿ ಕಲಮಿರುವ ನಾಮಪತ್ರ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕೊನೆಯದು ಬಹಳ ಜನ ಮರೆಯುವಂಥದ್ದು: ನಾಮಪತ್ರ ಕೊಟ್ಟ ಮೇಲೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ವಚನ. ಪರಿಶೀಲನೆಯ ಹಿಂದಿನ ದಿನದೊಳಗೆ ಮುಗಿದಿರಬೇಕು. ನಾಮಪತ್ರ ಕೊಟ್ಟ ಕೂಡಲೇ ಅಲ್ಲೇ ಓದಿಸಿಬಿಡಿ.

ಲೆಕ್ಕದಪುಸ್ತಕ:
ಖರ್ಚಿನ ಮಿತಿ 40 ಲಕ್ಷ; ನಿಮಗೆ ಅದರ ಚಿಂತೆ ಇರಲಾರದು. ಚಿಂತೆ ಲೆಕ್ಕ ಒಪ್ಪಿಸುವುದರದ್ದು. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬ್ಯಾಂಕ್ ಖಾತೆ ತೆರೆಯಿರಿ. ಸ್ವಸಹಾಯ ಸಂಘದ ಖಾತೆಯನ್ನು ಮುಟ್ಟಲೇಬೇಡಿ. ಹಳ್ಳಿಯವರು ಕೊಡುವ 50, 100 ರೂಪಾಯಿಗೂ ಹೆಸರು, ವಿಳಾಸದ ರಸೀದಿ ಹರಿದು ಹಣವನ್ನು ಆ ಖಾತೆಗೆ ಕಟ್ಟಿ. ಖರ್ಚಿನ ಬಾಬ್ತು ಒಬ್ಬ ವ್ಯಕ್ತಿಗೆ ಇಡೀ ಚುನಾವಣೆಯಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಯಾರೋ ಪ್ರೀತಿಯಿಂದ ಜೀಪು ಬಿಟ್ಟುಕೊಟ್ಟರೂ ಅದರ ಬಾಡಿಗೆ ದರ ಲೆಕ್ಕಕ್ಕೆ ಸೇರುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ. ಸೋತ ಬೇಜಾರಿನಲ್ಲಿ ಪುಸ್ತಕ ಮೂಲೆಗೆ ಸೇರುವುದು ಆಗಲೇ. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ.

ಬದುವಿನಹಾದಿ:
ಬಹಳ ಉಪಕಾರ ಸರ್. ಇನ್ನೊಂದು. ಅಕ್ಕನ ಹೆಸರಿನಲ್ಲಿ ರಾಜ್ಯ ಸರ್ಕಾರದ ಇಲಾಖೆಯೊಂದರ ಕೆರೆ ಕಾಮಗಾರಿ ಗುತ್ತಿಗೆ ಇತ್ತು. ಕೆಲಸ ಮುಗಿದಿದೆ, ಬಿಲ್ ಬಂದಿಲ್ಲ. ಅಡ್ಡಿ ಆಗುತ್ತದೆಯೇ?

ನಮೂನೆಇಪ್ಪತ್ತಾರು:
ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ ಚಾಲ್ತಿಯಲ್ಲಿರುವ ಗುತ್ತಿಗೆ ಮಾತ್ರ ಅನರ್ಹತೆ ತರುತ್ತದೆ. ಗುತ್ತಿಗೆದಾರರ ಪಾಲಿನ ಕೆಲಸ ಪೂರ್ತಿ ಮುಗಿದಿದ್ದರೆ, ಸರ್ಕಾರ ಹಣ ಕೊಡುವುದು ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಗುತ್ತಿಗೆ ಚಾಲ್ತಿಯಲ್ಲಿದೆ ಎನ್ನಲಾಗದು. ಕಾಮಗಾರಿ ಪೂರ್ಣಗೊಂಡ ಪತ್ರವನ್ನು ಈಗಲೇ ಪಡೆದಿಡಿ, ಪರಿಶೀಲನೆಯ ದಿನ ಎದುರಾಳಿಗಳು ಇದನ್ನೇ ಎತ್ತುತ್ತಾರೆ.

ಕೊನೇಬೂತು:
2023ರಲ್ಲಿ 224 ಕ್ಷೇತ್ರಗಳ ಪೈಕಿ ಪಕ್ಷೇತರರು ಗೆದ್ದದ್ದು ಗೌರಿಬಿದನೂರು, ಹರಪನಹಳ್ಳಿ ಎರಡರಲ್ಲೇ. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದದ್ದರ ಹಿಂದೆ ಊರೂರಿನ ಸಂಘದ ಬಲವಿತ್ತು. ನೀವೂ ಸಂಘಟನೆಯನ್ನು ಈಗಲೇ ಶುರುಮಾಡಿ, ಯಾಕೆಂದರೆ ಚಿಹ್ನೆ ಸಿಗುವುದು ನಾಮಪತ್ರ ವಾಪಸಿನ ಗಡುವು ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಸುಮಾರು ಎರಡೇ ವಾರ. ಎರಡು ಲಕ್ಷ ಚಿಲ್ಲರೆ ಮತದಾರರಿಗೆ ಅಷ್ಟರಲ್ಲಿ ಚಿಹ್ನೆ ತಲುಪಬೇಕು. ಮುಕ್ತ ಚಿಹ್ನೆಗಳಲ್ಲಿ (ಯಾವ ಪಕ್ಷಕ್ಕೂ ಮೀಸಲಲ್ಲದವು) ಮೂರನ್ನು ಆದ್ಯತೆಯಂತೆ ಬರೆಯುವಾಗ ಗೋಡೆ ಮೇಲೆ ಸುಣ್ಣದಲ್ಲಿ ಸುಲಭಕ್ಕೆ ಬಿಡಿಸಬಹುದಾದದ್ದನ್ನೇ ಆರಿಸಿ. ಗೋಡೆ ಬರಹಕ್ಕೆ ಅನುಮತಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ಜನ ಕರೆಯುವ ಹೆಸರು ಬೇರೆ ಇದ್ದರೆ, ಅದನ್ನೇ ಮತಯಂತ್ರದಲ್ಲಿ ಹಾಕುವಂತೆ ಅಂತಿಮ ಪಟ್ಟಿಗೆ ಮೊದಲೇ ಲಿಖಿತವಾಗಿ ಕೇಳಿ. ಅದೇ ಹೆಸರಿನ ಇನ್ನೊಬ್ಬರನ್ನು ನಿಲ್ಲಿಸುವುದು ಹಳೇ ತಂತ್ರ. 2019ರ ಮಂಡ್ಯ ಲೋಕಸಭಾ ಕಣದಲ್ಲಿ ಸುಮಲತಾ ಹೆಸರಿನ ಬೇರೆ ಅಭ್ಯರ್ಥಿಗಳೂ ಇದ್ದರು.

ಬೂತ್ ಏಜೆಂಟರಾಗಿ ಅದೇ ಬೂತಿನ ಮತದಾರರನ್ನೇ ಹಾಕಿ. ಯಂತ್ರ ಪರೀಕ್ಷಿಸುವ ಅಣಕು ಮತದಾನ 90 ನಿಮಿಷ ಮೊದಲೇ ಶುರುವಾಗುತ್ತದೆ. ಏಳಕ್ಕೆ ಮತದಾನವಾದರೆ ಐದೂವರೆಗೆ ಅಲ್ಲಿರಬೇಕು. ಸಂಜೆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕವಿರುವ ನಮೂನೆ 17ಸಿ ನಕಲು ಕೈಗೆ ಬರುವ ತನಕ ಏಜೆಂಟರು ಬೂತ್ ಬಿಟ್ಟು ಏಳಬಾರದು. ಎಣಿಕೆಯ ದಿನ ಯಂತ್ರದ ಒಟ್ಟು ಮತವನ್ನು ತಾಳೆ ನೋಡಲು ನಿಮ್ಮ ಕೈಯಲ್ಲಿರುವುದು ಆ ಹಾಳೆ ಮಾತ್ರ.