ಮಗನ ಸ್ಕೂಲಲ್ಲಿ ಮಾತ್ರೆ ಹರಿದಾಡ್ತಿದೆ, ಕೂಟದಿಂದ ಏನಾದ್ರೂ ಮಾಡೋಣವಾ?

ಇಬ್ಬರು ಹುಡುಗರ ಅಮ್ಮ:
ಎಲ್ಲರಿಗೂ ನಮಸ್ಕಾರ. ದೊಡ್ಡವನು ಹನ್ನೊಂದನೇ ಕ್ಲಾಸು. ಹೋದ ವಾರ ಅವನ ಸ್ಕೂಲಿನ ಹುಡುಗನೊಬ್ಬ ಪಾರ್ಟಿಯಲ್ಲಿ ಯಾರೋ ಕೊಟ್ಟ ಮಾತ್ರೆ ನುಂಗಿ ಐಸಿಯು ಸೇರಿದ. ಓದಿನಲ್ಲಿ ಮುಂದಿದ್ದ ಹುಡುಗ. ಮಗನನ್ನು ಕೇಳಿದರೆ "ಎಲ್ಲರ ಹತ್ರಾನೂ ವೇಪ್ (ಎಲೆಕ್ಟ್ರಾನಿಕ್ ಸಿಗರೇಟ್) ಇರತ್ತಮ್ಮ, ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಅನ್ನುತ್ತಾನೆ. ಇಲ್ಲಿ ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಹಾಡು, ನಾಟಕ, ಕ್ರಿಕೆಟ್ ಎಲ್ಲಕ್ಕೂ ಕಮಿಟಿ ಇದೆ. ಇದಕ್ಕೆ ಒಂದು ಸಭೆಯಾದರೂ ಮಾಡಬಹುದಾ? ಯಾರನ್ನು ಕರೆಯಬೇಕು?

ಹಿರಿಯ ಸದಸ್ಯ:
ಚಿಂತೆ ಬಿಡಮ್ಮ. ಮನೆಯಲ್ಲಿ ಸಂಸ್ಕಾರ ಇದ್ದರೆ ಮಕ್ಕಳು ದಾರಿ ತಪ್ಪಲ್ಲ. ನನ್ನ ಮಕ್ಕಳೂ ಇದೇ ಅಮೆರಿಕದಲ್ಲಿ ಬೆಳೆದವರು. ಭಾನುವಾರದ ಶ್ಲೋಕದ ಕ್ಲಾಸ್ ಒಂದು ದಿನ ತಪ್ಪಿಸಲಿಲ್ಲ. ಮಗಳು ಈಗ ಕಾರ್ಡಿಯಾಲಜಿಸ್ಟ್, ಮಗನದು ಸ್ವಂತ ಕಂಪನಿ. ಮೊದಲು ಫೋನ್ ಕಿತ್ತಿಟ್ಟುಕೊಳ್ಳಿ.

ಫಾರ್ಮಸಿಯಲ್ಲಿ ಕೆಲಸ:
ಅಕ್ಕ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈಗಿನ ಅಪಾಯ ನಮ್ಮ ಕಾಲದ ಥರ ಅಲ್ಲ. ಆನ್‌ಲೈನಿನಲ್ಲಿ ಸಿಗುವ ನಕಲಿ ಮಾತ್ರೆ ನೋಡೋಕೆ ಥೇಟ್ ಅಸಲಿ ಥರಾನೇ ಇರುತ್ತದೆ. ಒಳಗೆ ಎಷ್ಟೋ ಸಲ ಫೆಂಟನಿಲ್, ಅಂದರೆ ಅಫೀಮಿನ ಥರದ ತೀರಾ ಪ್ರಬಲ ನೋವಿನ ಔಷಧಿ, ಇರುತ್ತದೆ. 2 ಮಿಲಿಗ್ರಾಂ, ಅಂದರೆ ಉಪ್ಪಿನ ಕೆಲವೇ ಹರಳಿನಷ್ಟು, ಜೀವ ತೆಗೆಯಬಹುದು. ಅದಕ್ಕೇ ಚಟ ಹತ್ತದ ಹುಡುಗರೂ ಮೊದಲನೇ ಸಲಕ್ಕೇ ಸಾಯುತ್ತಿದ್ದಾರೆ.

ಫೆಂಟನಿಲ್‌ನಂಥದ್ದು ಹೆಚ್ಚಾಗಿ ಉಸಿರು ನಿಲ್ಲುತ್ತಿದ್ದರೆ ಅದರ ಪರಿಣಾಮ ಇಳಿಸುವ ನಲೊಕ್ಸೋನ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಿ. ಮೂಗಿಗೆ ಹೊಡೆಯುವುದು. 2023ರಿಂದ ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ. ಸ್ಪ್ರೇ ಹೊಡೆದ ಮೇಲೂ 911ಕ್ಕೆ (ತುರ್ತು ಸಹಾಯದ ನಂಬರ್) ಫೋನ್ ಮಾಡಲೇಬೇಕು. ಆಪರೇಷನ್ ಆದಾಗ ಕೊಟ್ಟ ನೋವಿನ ಮಾತ್ರೆ ಉಳಿದಿದ್ದರೆ ಬೀಗ ಹಾಕಿಡಿ. ಏಪ್ರಿಲ್, ಅಕ್ಟೋಬರಿನಲ್ಲಿ ಹಳೇ ಔಷಧಿ ವಾಪಸ್ ತೆಗೆದುಕೊಳ್ಳುವ ದಿನ ಬರುತ್ತದೆ, ಅವತ್ತು ಕೊಟ್ಟುಬಿಡಿ.

ಮಗನಿಗೆ ಒಂದು ಮಾತು ಹೇಳಿ: ಗೆಳೆಯ ಕುಡಿದು ಎಚ್ಚರ ತಪ್ಪಿದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು, ಒಬ್ಬನನ್ನೇ ಬಿಡಬಾರದು, 911 ಕರೆಯೋಕೆ ಹೆದರಬಾರದು. ಸಹಾಯಕ್ಕೆ ಕರೆದವರಿಗೆ ಬಹಳಷ್ಟು ರಾಜ್ಯಗಳ ಕಾನೂನಿನಲ್ಲಿ ರಕ್ಷಣೆ ಇದೆ.

ಖಡಕ್ ಮಾತಿನವನು:
ಸ್ಪ್ರೇ, ಬೀಗ ಎಲ್ಲ ಸರಿ. ನಾನೊಂದು ಕೇಳ್ತೀನಿ. ನಮ್ಮ ವಾರ್ಷಿಕ ಕಾರ್ಯಕ್ರಮದಲ್ಲಿ ಬಾರ್ ಯಾಕಿದೆ? ಮಕ್ಕಳು ವೇದಿಕೆ ಮೇಲೆ ನಾಡಗೀತೆ ಹಾಡ್ತಾರೆ, ಅಪ್ಪಂದಿರು ಹಿಂದೆ ಗ್ಲಾಸ್ ಹಿಡಿದು ನಿಂತಿರ್ತಾರೆ. ಆಮೇಲೆ ಯುವಕರ ಕುಡಿತದ ಬಗ್ಗೆ ಸಭೆ! ಮೊದಲು ಬಾರ್ ತೆಗೀರಿ.

ಖಜಾಂಚಿ:
ಸರ್, ದೊಡ್ಡವರು ಲಿಮಿಟ್‌ನಲ್ಲಿ ಕುಡಿದರೆ ತಪ್ಪೇನು? ಮುಚ್ಚಿಟ್ಟರೇ ಮಕ್ಕಳಿಗೆ ಕುತೂಹಲ ಜಾಸ್ತಿ. ನಾವು ಮಗನಿಗೆ, ಅವನ ಫ್ರೆಂಡ್ಸಿಗೆ ಮನೆಯಲ್ಲೇ ಕಣ್ಣೆದುರಿಗೆ ಒಂದೊಂದು ಬಿಯರ್ ಕೊಡ್ತೀವಿ. ಹೊರಗೆ ಹೋಗಿ ಕೆಡೋದಕ್ಕಿಂತ ವಾಸಿ ಅಲ್ವಾ?

ಖಡಕ್ ಮಾತಿನವನು:
ಫ್ರೆಂಡ್ಸಿಗೂನಾ?! 1984ರಲ್ಲಿ ಕಾನೂನು ಬಂತು, 1988ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಮದ್ಯಕ್ಕೆ ಕನಿಷ್ಠ ವಯಸ್ಸು 21 ಆಯ್ತು. ಸ್ವಂತ ಮಗನಿಗೆ ಕೊಡೋಕೆ ಕೆಲವು ರಾಜ್ಯಗಳು ಬಿಡುತ್ತವೆ. ಬೇರೆಯವರ ಮಕ್ಕಳಿಗೆ ಸುರಿದು ಕೊಟ್ಟರೆ ಕೇಸ್ ಬೀಳೋದು ನಿಮ್ಮ ಮೇಲೆ. ಗ್ರೀನ್ ಕಾರ್ಡಿಗೆ (ಇಲ್ಲಿ ಕಾಯಂ ವಾಸದ ಅನುಮತಿ) ಕಾಯ್ತಿರೋರು, ಕೇಸಿನಲ್ಲಿ ಸಿಕ್ಕಿಕೊಂಡರೆ ಕಷ್ಟ, ಇಂಥ ಮನೆಗೆ ಮಕ್ಕಳನ್ನು ಕಳಿಸೋ ಮುಂಚೆ ಯೋಚಿಸಿ.

ಹಿರಿಯ ಸದಸ್ಯ:
ಅದಕ್ಕೇ ಹೇಳಿದ್ದು, ಸಂಸ್ಕಾರ.

ಒಬ್ಬ ಅಪ್ಪ:
ಹಿರಿಯರೇ, ನಮ್ಮ ಮಗನೂ ಶ್ಲೋಕ ಕಲಿತವನೇ. ಕಾಲೇಜಿನ ಎರಡನೇ ವರ್ಷ ರಿಹ್ಯಾಬಿಗೆ (ಚಟ ಬಿಡಿಸುವ ಕೇಂದ್ರ) ಹೋದ. ನಾವು ಎಲ್ಲರ ಹತ್ತಿರ "ಕೋರ್ಸ್ ಬದಲಾಯಿಸಿದ್ದಾನೆ" ಅಂದೆವು. ಕೂಟಕ್ಕೆ ಬರುವುದೇ ನಿಂತುಹೋಯಿತು. ಯಾಕೆ ಬರ್ತಿಲ್ಲ ಅಂತ ಒಬ್ಬರೂ ಫೋನ್ ಮಾಡಲಿಲ್ಲ. ಈಗ ಹುಷಾರಾಗಿದ್ದಾನೆ. ಸಭೆ ಮಾಡಿ, ಬೇಡ ಅನ್ನಲ್ಲ. ಆದರೆ ಇಂಥ ಮನೆಯವರು ಬಂದು ಕೂರುವ ಹಾಗಿರಲಿ.

ಫಾರ್ಮಸಿಯಲ್ಲಿ ಕೆಲಸ:
ಅಣ್ಣ, ಬರೆದಿದ್ದಕ್ಕೆ ಥ್ಯಾಂಕ್ಸ್. ನನ್ನ ಕೇಳಿದರೆ ಭಾಷಣಕ್ಕಿಂತ ಮಕ್ಕಳ ಸಂಜೆಗಳು ಮುಖ್ಯ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16 ವಯಸ್ಸಿನ 42 ಶೇಕಡಾ ಮಕ್ಕಳು ಹಿಂದಿನ ತಿಂಗಳು ಕುಡಿದು ಅಮಲೇರಿದ್ದಾಗಿ ಹೇಳಿದ್ದರು. 2016ಕ್ಕೆ ಅದು 5 ಶೇಕಡಾ. ಆಟ, ಸಂಗೀತಕ್ಕೆ ಸರ್ಕಾರವೇ ದುಡ್ಡು ಹಾಕಿತು. ರಾತ್ರಿ ಹೊತ್ತಾದ ಮೇಲೆ ಹೊರಗೆ ಬಿಡುವುದಿಲ್ಲ ಅಂತ ಅಪ್ಪ-ಅಮ್ಮಂದಿರೆಲ್ಲ ಒಟ್ಟಾಗಿ ಒಪ್ಪಿಕೊಂಡರು. ಒಬ್ಬರೇ ಹೇಳಿದರೆ "ನೀನೊಬ್ಬಳೇ ಹೀಗೆ" ಅಂತ ಮಗ ಜಗಳ ತೆಗೆಯುತ್ತಾನೆ. ಹತ್ತು ಮನೆಯವರು ಒಂದೇ ಮಾತು ಹೇಳಿದರೆ ಆ ವಾದ ನಡೆಯಲ್ಲ.

ಯಾರನ್ನು ಕರೆಯಬೇಕು ಅಂದಿರಲ್ಲ. ನಿಮ್ಮ ಕೌಂಟಿಯಲ್ಲಿ (ಜಿಲ್ಲೆ) ಡ್ರಗ್ ಫ್ರೀ ಕಮ್ಯುನಿಟೀಸ್ ಹಣ ಪಡೆದ ಒಕ್ಕೂಟ ಇದೆಯಾ ನೋಡಿ. ಮಕ್ಕಳನ್ನು ಕುಡಿತ, ಡ್ರಗ್ಸಿನಿಂದ ದೂರ ಇಡೋಕೆ ಊರಿನ ಒಕ್ಕೂಟಗಳಿಗೆ ಹಣ ಕೊಡುವ, 1997ರ ಕಾನೂನಿನಲ್ಲಿ ಬಂದ ಅಮೆರಿಕ ಸರ್ಕಾರದ ಯೋಜನೆ ಅದು. ಸ್ಕೂಲು, ಪೊಲೀಸ್, ಡಾಕ್ಟರ್, ಸ್ವಯಂಸೇವಾ ಸಂಘ ಅಂತ 12 ಬಗೆಯವರು ಅದರಲ್ಲಿ ಇರಲೇಬೇಕು. ನಮ್ಮ ಕೂಟವೂ ಸೇರಬಹುದು.

ಖಜಾಂಚಿ:
ಐಸ್‌ಲ್ಯಾಂಡ್ ಪುಟ್ಟ ದೇಶ, ಇಲ್ಲಿಗೆ ಹೊಂದಲ್ಲ. ಮತ್ತೆ ಬಾರ್ ತೆಗೆದರೆ ಟಿಕೆಟ್ ಹೋಗಲ್ಲ, ಕಮಿಟಿಯಲ್ಲಿ ಇದ್ದವರಿಗೆ ಮಾತ್ರ ಗೊತ್ತು ಆ ಕಷ್ಟ.

ಇಬ್ಬರು ಹುಡುಗರ ಅಮ್ಮ:
ಬಾರ್ ವಿಷಯ ಆಮೇಲೆ ನೋಡೋಣ, ಪ್ಲೀಸ್. ಫಾರ್ಮಸಿ ಅಕ್ಕ, ಆ ಸ್ಪ್ರೇ ಹೊಡೆಯೋದು ಹೇಗೆ ಅಂತ ನೀವೇ ಬಂದು ತೋರಿಸ್ತೀರಾ?

ಫಾರ್ಮಸಿಯಲ್ಲಿ ಕೆಲಸ:
ಖಂಡಿತ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ದೊಡ್ಡವರು ಮಾತ್ರ ಆದರೆ ನಾನು ಬರಲ್ಲ.

ಖಡಕ್ ಮಾತಿನವನು:
ಬಾರ್ ಬಗ್ಗೆ ಅಧ್ಯಕ್ಷರು ಇನ್ನೂ ಬಾಯಿ ಬಿಟ್ಟಿಲ್ಲ. ಕಾಯ್ತಾ ಇದ್ದೀನಿ.