ದೇಹ ರೆಡಿ ಇದೆ, ತಲೆ ಕಳ್ಸಿ

ಫೋಟೋ, ವಿಡಿಯೋದಲ್ಲಿ ಮುಖ ಬದಲಾಯಿಸುವ ವಿದ್ಯೆ ಈಗಷ್ಟೇ ಹುಟ್ಟಿದೆ ಅಂತ ಬೆಂಗಳೂರಿನವರು ಹೇಳಿದರೆ ನಾನು ನಂಬೋದಿಲ್ಲ. ಮಡಿಕೇರಿಯ ನಮ್ಮ ಹನೀಫ್ ಫ್ಲೆಕ್ಸ್ ಅಂಗಡಿ ಇಟ್ಟಾಗಿನಿಂದ ಮಾಡ್ತಿರೋದು ಇದೇ ಕಸುಬು. ಅವನ ಕಂಪ್ಯೂಟರಿನಲ್ಲಿ 'ಬಾಡಿ' ಅಂತಲೇ ಒಂದು ಫೋಲ್ಡರ್ ಇದೆ. ಬಿಳಿ ಶರಟು ಹಾಕಿ ಕೈಮುಗಿದ ಬಾಡಿ, ಶಾಲು ಹೊದ್ದ ಬಾಡಿ, ಕಿವಿಗೆ ಫೋನಿಟ್ಟು ದೂರದಲ್ಲಿ ಏನೋ ಅಭಿವೃದ್ಧಿ ಕಂಡವರ ಥರ ನೋಡುವ ಬಾಡಿ. ದಸರಾ ಬಂತೆಂದರೆ ಮೆರವಣಿಗೆ ಹೊರಡುವ ಹತ್ತು ಮಂಟಪಗಳ ಕಡೆಯವರೂ ಅವನಿಗೆ ಫೋನ್ ಮಾಡುತ್ತಾರೆ. "ದೇಹ ನನ್ನ ಹತ್ರ ರೆಡಿ ಇದೆ, ತಲೆ ಕಳ್ಸಿ ಸಾಕು" ಅನ್ನುವುದು ಅವನ ಖಾಯಂ ಉತ್ತರ. ಆ ಕೈಮುಗಿದ ದೇಹದ ಮೇಲೆ ಮೂರು ಪಕ್ಷದ ತಲೆಗಳೂ ಕೂತು ಎದ್ದು ಹೋಗಿವೆ. ಇಷ್ಟು ಸಲ ಪಕ್ಷಾಂತರ ಮಾಡಿದರೂ ಆ ದೇಹಕ್ಕೆ ಯಾರೂ ನೋಟಿಸ್ ಕೊಟ್ಟಿಲ್ಲ.

(ಪ್ಲಾಸ್ಟಿಕ್ ಫ್ಲೆಕ್ಸಿಗೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು. ಹನೀಫ್ ಈಗ ಹಾಕೋದು ಬಟ್ಟೆ ಮೇಲೆ. ಊರಿನ ಬಾಯಲ್ಲಿ ಅದು ಇವತ್ತಿಗೂ ಫ್ಲೆಕ್ಸೇ.)

ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟು, ಕೊಡವರು ಮದ್ದು ಸೊಪ್ಪು ತಿನ್ನುವ ದಿನದ ಮಧ್ಯಾಹ್ನ. ಮಳೆ ಅಂದರೆ ಮಳೆ. ಲಲಿತಕ್ಕ ಟಿಫಿನ್ ಕ್ಯಾರಿಯರಿನಲ್ಲಿ ಮದ್ದು ಸೊಪ್ಪಿನ ಪಾಯಸ ತಂದಿದ್ದರು. ಅವರ ಜೇನಿನ ಬಾಟಲಿಗೆ ಹೊಸ ಲೇಬಲ್ ಮಾಡಿಸುವುದಿತ್ತು. ಜೊತೆಗೆ ಮಗಳು ದೀಕ್ಷಾ, ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ, ರಜೆಗೆ ಬಂದಿದ್ದವಳು. ಪಾಯಸ ಅರ್ಧ ಖಾಲಿಯಾಗುವಷ್ಟರಲ್ಲಿ ಬೋಪಣ್ಣ ಕೊಡೆ ಮಡಚುತ್ತ ಒಳಗೆ ಬಂದ. ಮುಖ ಊದಿತ್ತು.

"ನನ್ನ ಹೆಂಡತಿ ಬೆಳಗ್ಗಿಂದ ನನ್ನ ಹತ್ರ ಮಾತಾಡ್ತಿಲ್ಲ ಮಾರಾಯ."

"ಪುಣ್ಯವಂತ" ಅಂದ ಹನೀಫ್.

"ತಮಾಷೆ ಅಲ್ಲ. ಇದು ನೋಡು" ಅಂತ ಫೋನ್ ಮುಂದೆ ಹಿಡಿದ.

ಗಾಳಿಬೀಡು ಕಡೆ ಬೋಪಣ್ಣನ ಹೋಮ್‌ಸ್ಟೇ ಇದೆ. ದಸರಾ ಸೀಸನ್ನಿಗೆ ಒಂದು ರೀಲ್ಸ್ ಬೇಕು ಅಂತ ಬೆಂಗಳೂರಿನಲ್ಲಿ ಜಾಹೀರಾತು ಕೆಲಸ ಮಾಡುವ ಅಳಿಯನಿಗೆ ಹೇಳಿದ್ದನಂತೆ. ಅಳಿಯ ಕ್ಯಾಮೆರಾ ಹಿಡಿದು ಬರುವ ಗೋಜಿಗೇ ಹೋಗಲಿಲ್ಲ. ಎಲ್ಲಿಂದಲೋ ಒಂದು ರೆಡಿ ವಿಡಿಯೋ ತಗೊಂಡು, ಎಐಯಲ್ಲಿ ಮಾವನ ಮುಖ, ಅತ್ತೆಯ ಮುಖ ಕೂರಿಸಿ ಕಳಿಸಿದ್ದ. ವಿಡಿಯೋದಲ್ಲಿ ಬೋಪಣ್ಣ ಮಂಜಿನ ನಡುವೆ ನಿಧಾನಕ್ಕೆ ನಡೆದು ಬರುತ್ತಾನೆ. ಮೈಗೆ ಕೊಡವರ ನಿಲುವಂಗಿ ಬಿಳಿ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ, ತಲೆಗೆ ಪೇಟ.

"ಅಲ್ಲ ಬೋಪಣ್ಣ, ಬಿಳಿ ಕುಪ್ಯ ಮದುಮಗನದ್ದಲ್ವಾ?" ಅಂದೆ ನಾನು.

"ಅದನ್ನೇ ಹೇಳ್ತಿದ್ದೇನೆ! ಪೊನ್ನಂಪೇಟೆಯಿಂದ ಚಿಕ್ಕಪ್ಪ ಫೋನ್ ಮಾಡಿ, ಮದುವೆಗೆ ಕರೀಲೇ ಇಲ್ಲ ಅಂತ ಬೈದ್ರು."

"ಸರಿ, ಹೆಂಡತಿ ಸಿಟ್ಟಾಗಿದ್ದು ನ್ಯಾಯವೇ" ಅಂದರು ಲಲಿತಕ್ಕ.

"ಅಯ್ಯೋ, ಅವಳಿಗೆ ನಾನು ಮದುಮಗ ಆಗಿದ್ದಕ್ಕೆ ಬೇಜಾರೇ ಇಲ್ಲ ಅಕ್ಕ. ಮುಂದೆ ನೋಡಿ."

ಮುಂದೆ ಅವಳೇ ಬರುತ್ತಾಳೆ, ಅಂದರೆ ಅವಳ ಮುಖ ಬರುತ್ತದೆ. ಉಟ್ಟ ಸೀರೆಯ ನೆರಿಗೆ ಹೊಟ್ಟೆಯ ಮೇಲೆ! ಕೊಡವ ಹೆಂಗಸರು ನೆರಿಗೆ ಹಿಂದೆ ಬರುವ ಹಾಗೆ ಸೀರೆ ಉಡುತ್ತಾರೆ ಅನ್ನೋದು ಆ ವಿಡಿಯೋದ ರೂಪದರ್ಶಿಗೆ ಯಾರು ಹೇಳಬೇಕು?

"ತವರಿನವರೆಲ್ಲ ನೋಡಿದ್ದಾರೆ. 'ನನ್ನ ಫೋಟೋ ನನ್ನ ಕೇಳದೆ ಕೊಡೋಕೆ ನೀವ್ಯಾರು' ಅಂತ ಒಂದೇ ಮಾತು. ಆಮೇಲೆ ಬಾಯಿ ಬಿಟ್ಟಿಲ್ಲ."

ಹನೀಫ್ ಆಗಲೇ ಫೋನ್ ಕಿತ್ತುಕೊಂಡು ಎರಡನೇ ವಿಡಿಯೋಗೆ ಹೋಗಿದ್ದ. ಅದರಲ್ಲಿ ಬೋಪಣ್ಣ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ. ತಲೆ ತುಂಬ ಕೂದಲು. ನಮ್ಮ ಬೋಪಣ್ಣನ ತಲೆಯಲ್ಲಿ ಕೂದಲು ಇದ್ದದ್ದನ್ನು ಕಂಡವರು ನಮ್ಮ ಬ್ಯಾಚಿನವರು ಮಾತ್ರ. ಕಾಫಿ ಕಪ್ ತುಟಿಯ ಹತ್ತಿರ ಹೋಯಿತು. ಮೀಸೆ ಕಪ್ಪಿನ ಮೇಲೆ ಬಂತು. ಕಪ್ಪು ಕೆಳಗಿಳಿಯಿತು, ಮೀಸೆ ಅರೆಕ್ಷಣ ಗಾಳಿಯಲ್ಲಿ ನಿಂತು ಆಮೇಲೆ ಜಾಗಕ್ಕೆ ಹೋಗಿ ಕೂತಿತು.

ನಾವು ನಕ್ಕು ನಕ್ಕು ಸುಸ್ತಾದೆವು. ಬೋಪಣ್ಣನಿಗೆ ಆ ಮೀಸೆ ಎಂದರೆ ಎಸ್ಟೇಟಿಗಿಂತ ಹೆಚ್ಚು. ಅವನು ನಗಲಿಲ್ಲ.

"ಕೂದಲು ಹೇಗೆ ಬಂತು? ಮೀಸೆ ಯಾಕೆ ಹಾರ್ತು?" ಅಂತ ದೀಕ್ಷಾಳನ್ನು ಕೇಳಿದ.

ಅವಳು ಪಾಯಸದ ಲೋಟ ಕೆಳಗಿಟ್ಟಳು. "ಅಂಕಲ್, ಇದು ಹನೀಫ್ ಅಂಕಲ್ ಥರ ತಲೆ ಕತ್ತರಿಸಿ ಅಂಟಿಸೋದಲ್ಲ. ಮೊದಲು ವಿಡಿಯೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕುತ್ತೆ. ಕಣ್ಣು, ಮೂಗು, ಬಾಯಿಯ ಎರಡು ಮೂಲೆ ಗುರುತು ಹಾಕ್ಕೊಳ್ಳುತ್ತೆ. ಆಮೇಲೆ ನಿಮ್ಮ ಫೋಟೋ ನೋಡಿ, ನಿಮ್ಮನ್ನ 512 ಸಂಖ್ಯೆ ಮಾಡಿಟ್ಕೊಳ್ಳುತ್ತೆ."

"ನನ್ನನ್ನಾ?"

"ನಿಮ್ಮ ಮುಖದ ಗುರುತನ್ನ. ವಿಡಿಯೋದಲ್ಲಿರೋನ ನಗು, ತಲೆ ಓರೆ ಮಾಡಿದ ರೀತಿ, ಬೆಳಕು ಎಲ್ಲ ಹಾಗೇ ಇಟ್ಟು, ಗುರುತು ಮಾತ್ರ ನಿಮ್ಮದು ಹಾಕಿ ಒಂದು ಹೊಸ ಮುಖ ಬರೆಯುತ್ತೆ. ಅಂಚು ಸವರಿ ಕೂರಿಸುತ್ತೆ. ಹುಬ್ಬಿನಿಂದ ಗದ್ದದವರೆಗೆ ಮಾತ್ರ ಅದರ ಕೆಲಸ. ಕೂದಲು, ಕಿವಿ, ಕುತ್ತಿಗೆ ಎಲ್ಲ ಅವನದ್ದೇ. ಮುಖದ ಮುಂದೆ ಕೈಯೋ ಕಪ್ಪೋ ಅಡ್ಡ ಬಂದ್ರೆ ಅದಕ್ಕೆ ಗೊತ್ತಾಗಲ್ಲ, ಕಪ್ಪಿನ ಮೇಲೂ ಮುಖ ಬರೆಯುತ್ತೆ. ಪೂರ್ತಿ ಪಕ್ಕಕ್ಕೆ ತಿರುಗಿದ್ರೂ ಕಷ್ಟ."

"512ರಲ್ಲಿ ನನ್ನ ಮೀಸೆಗೆ ಎಷ್ಟು?"

"ಹಾಗೆ ಬಿಡಿಸಿ ಹೇಳೋಕಾಗಲ್ಲ ಅಂಕಲ್."

ಬೋಪಣ್ಣನಿಗೆ ಇದು ಸಮಾಧಾನವಾಗಲಿಲ್ಲ. ಹನೀಫನ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ ಓಡುತ್ತಿತ್ತು. "ಅದು ಬರೆಯೋ ಮುಖದ ಸೈಜೆಷ್ಟು?"

"ಮುಖ ಬದಲಾಯಿಸೋ ಹೆಸರುವಾಸಿ ಎಐ ಮಾಡೆಲ್ ಒಂದಿದೆ, ಇನ್‌ಸ್ವಾಪರ್ ಅಂತ. ಅದು ಬರೆಯೋದು 128ಕ್ಕೆ 128 ಚುಕ್ಕಿ."

ಹನೀಫ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಇಷ್ಟು ಹೊತ್ತು ಎಐ ಬಂದರೆ ತನ್ನ ಅಂಗಡಿ ಗತಿಯೇನು ಅಂತ ಒಳಗೊಳಗೇ ಹೆದರಿದ್ದನೋ ಏನೋ. "ನನ್ನ ಬೋರ್ಡಿನಲ್ಲಿ ಅಧ್ಯಕ್ಷರ ಮುಖವೇ ಮೂರು ಅಡಿ ಬರುತ್ತೆ. 128 ಚುಕ್ಕೀನ ಮೂರು ಅಡಿಗೆ ಎಳೆದ್ರೆ ಒಂದೊಂದು ಚುಕ್ಕಿಯೂ ಕಾಳುಮೆಣಸಿಗಿಂತ ದಪ್ಪ! ಅಧ್ಯಕ್ಷರಿಗೆ ಸಿಡುಬು ಎದ್ದಿದೆ ಅಂತಾರೆ ಜನ."

"ಅದಕ್ಕೇ ಆಮೇಲೆ ಇನ್ನೊಂದು ಸಾಫ್ಟ್‌ವೇರ್ ಬಿಟ್ಟು ಮುಖ ಚೂಪು ಮಾಡ್ತಾರೆ. ಇಲ್ಲದ್ದನ್ನ ಊಹೆ ಮಾಡಿ ತುಂಬುತ್ತೆ."

"ಓಹೋ" ಅಂದ ಬೋಪಣ್ಣ, ಬಾಯಿ ತೆರೆದು ಬೆರಳಿಟ್ಟು ತೋರಿಸುತ್ತ, "ಈ ಹಲ್ಲು ಅಲ್ಲಿಂದ ಬಂತಾ?" ಆ ಹಲ್ಲು ಬಿದ್ದದ್ದು ಕೈಲ್‌ಪೋಳ್ದ್ ಹಬ್ಬದ ಆಟದಲ್ಲಿ, ತೆಂಗಿನಕಾಯಿ ಕಿತ್ತಾಟದಲ್ಲಿ. ಅದು ಅವನ ಜೀವನದ ದೊಡ್ಡ ಕಥೆ. ಎಐ ಒಂದು ಸೆಕೆಂಡಿನಲ್ಲಿ ಆ ಕಥೆಗೆ ಸಿಮೆಂಟು ಹಾಕಿತ್ತು.

"ಇನ್ನೊಂದು ಇದೆ ಅಂಕಲ್" ಅಂದಳು ದೀಕ್ಷಾ. "ಆ ಮಾಡೆಲ್ ಪುಕ್ಕಟೆ ಸಿಗುತ್ತೆ ನಿಜ. ಆದ್ರೆ ಸಂಶೋಧನೆಗೆ ಮಾತ್ರ ಅಂತ ಷರತ್ತಿದೆ. ವ್ಯಾಪಾರಕ್ಕೆ ಬಳಸೋದಾದ್ರೆ ಬೇರೆ ಲೈಸೆನ್ಸ್ ತಗೋಬೇಕು. ನಿಮ್ಮ ಅಳಿಯ ಯಾವುದ್ರಲ್ಲಿ ಮಾಡಿದ್ದು ಅಂತ ಕೇಳಿ."

ಅಳಿಯ ಫೋನ್ ಎತ್ತಲಿಲ್ಲ.

ಆಗ ಲಲಿತಕ್ಕ ಹೇಳಿದರು: "ನೀವು ನಗ್ತೀರಿ. ವಿರಾಜಪೇಟೆ ಹುಡುಗಿಗೆ ಆಗಿದ್ದು ನೆನಪಿಲ್ವಾ?"

ನೆನಪಿಲ್ಲದೆ ಏನು. 2023ರ ನವೆಂಬರ್. ಲಿಫ್ಟಿನೊಳಗೆ ಬರುವ ಇನ್ಯಾರದ್ದೋ ವಿಡಿಯೋಗೆ ರಶ್ಮಿಕಾ ಮಂದಣ್ಣ ಮುಖ ಕೂರಿಸಿ ಹರಿಯಬಿಟ್ಟಿದ್ದರು. ದೇಶವೇ ಡೀಪ್‌ಫೇಕ್ ಅನ್ನುವ ಪದ ಕಲಿತದ್ದು ಆ ವಾರ. ಉಳಿದ ಊರಿನವರಿಗೆ ಅದು ಸಿನಿಮಾ ಸುದ್ದಿ. ಇಲ್ಲಿ ಅದು ಮನೆ ಸುದ್ದಿ. 2011ರ ಜನಗಣತಿಯಲ್ಲಿ ಇಡೀ ಕೊಡಗು ಜಿಲ್ಲೆಗೆ ಐದೂವರೆ ಲಕ್ಷ ಜನ. ಯಾರ ಮೂಗು ನೋಡಿದರೂ ಯಾವ ಮನೆಯವರು ಅಂತ ಹೇಳುವ ಅಜ್ಜಿಯೊಬ್ಬಳು ಎಲ್ಲಾದರೂ ಇದ್ದೇ ಇರುತ್ತಾಳೆ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದಲ್ಲಿ ಒಬ್ಬ ಯುವಕನನ್ನು ಹಿಡಿದರು. ಯಾಕೆ ಮಾಡಿದೆ ಅಂತ ಕೇಳಿದರೆ, ತಾನು ನಡೆಸುವ ಅಭಿಮಾನಿ ಪೇಜಿಗೆ ಫಾಲೋವರ್ಸ್ ಹೆಚ್ಚಾಗಲಿ ಅಂತ!

ಅಂದರೆ ದ್ವೇಷವಲ್ಲ, ಹಗೆಯಲ್ಲ, ಅದೂ ಮಾರ್ಕೆಟಿಂಗೇ. ನನಗೆ ಆ ಪ್ರಕರಣದಲ್ಲಿ ಹೆಚ್ಚು ದಿಗಿಲು ಹುಟ್ಟಿಸಿದ್ದು ಇದು.

"ಹಾಗಂತ ಎಲ್ಲ ಕೆಟ್ಟದ್ದು ಅನ್ಬೇಡಿ ಅಕ್ಕ" ಅಂದ ಹನೀಫ್. "2021ರ ದೀಪಾವಳಿಗೆ ಶಾರುಖ್ ಖಾನ್ ಒಂದು ಚಾಕೊಲೇಟ್ ಜಾಹೀರಾತು ಮಾಡಿದ್ದ. ಲಾಕ್‌ಡೌನ್‌ನಲ್ಲಿ ವ್ಯಾಪಾರ ಕಳಕೊಂಡ ಸಣ್ಣ ಅಂಗಡಿಯವರು ತಮ್ಮ ಅಂಗಡಿ ಹೆಸರು ಕೊಟ್ರೆ, ಎಐಯಲ್ಲಿ ಶಾರುಖ್ ಬಾಯಿಂದ್ಲೇ ಆ ಹೆಸರು ಹೇಳಿಸಿ ಕೊಡೋರು. ಪುಕ್ಕಟೆ."

"ಅವನು ಒಪ್ಪಿದ್ದನಲ್ಲ!" ಅಂದರು ಲಲಿತಕ್ಕ. "ಒಪ್ಪಿ, ದುಡ್ಡು ತಗೊಂಡು, ಕ್ಯಾಮೆರಾ ಮುಂದೆ ನಿಂತು ಮಾಡಿದ್ದು. ಬೋಪಣ್ಣನ ಹೆಂಡತಿಯನ್ನ ಯಾರು ಕೇಳಿದ್ರು?"

ಬೋಪಣ್ಣ ಮಾತು ತಿರುಗಿಸಿದ. ಅಳಿಯನ ತಲೆಯಲ್ಲಿ ಇನ್ನೊಂದು ಯೋಜನೆ ಇತ್ತಂತೆ. ಒಂದೇ ವಿಡಿಯೋ, ಜಗುಲಿಯಲ್ಲಿ ಕೂತ ಅತಿಥಿಗಳ ಮುಖ ಮಾತ್ರ ಬದಲು. ಚೆನ್ನೈಗೆ ಒಂದು ಸಂಸಾರ, ಕೊಚ್ಚಿಗೆ ಒಂದು, ಬೆಂಗಳೂರಿಗೆ ಒಂದು. ಎಲ್ಲರೂ "ಇಷ್ಟು ಒಳ್ಳೆ ಪಂದಿ ಕರಿ, ಕಡಂಬಿಟ್ಟು ಎಲ್ಲೂ ತಿಂದಿಲ್ಲ" ಅನ್ನಬೇಕು.

"ಖರ್ಚು ಉಳಿಯುತ್ತೆ, ಬುದ್ಧಿವಂತ ಹುಡುಗ" ಅಂದೆ. ನಿಜಕ್ಕೂ ಒಂದು ಸಲ ಶೂಟ್ ಮಾಡಿ ಊರೂರಿಗೆ ಮುಖ ಬದಲಾಯಿಸುವುದು ಈಗ ದೊಡ್ಡ ಕಂಪನಿಗಳೂ ಹಿಡಿದಿರುವ ದಾರಿಯೇ. ದುಡ್ಡು ಕೊಟ್ಟು, ಸಹಿ ಹಾಕಿಸಿಕೊಂಡು ಮಾಡಿದರೆ ನನಗೇನೂ ತಕರಾರಿಲ್ಲ.

"ಆದ್ರೆ ಅವರು ತಿಂದಿದ್ದಾರಾ?" ಅಂದಳು ದೀಕ್ಷಾ. "ನಟನೆ ಅಂತ ಗೊತ್ತಾದ್ರೆ ಅದು ಜಾಹೀರಾತು. 'ನಮ್ಮ ಅತಿಥಿಗಳ ಮಾತು' ಅಂತ ಕೆಳಗೆ ಬರೆದ್ರೆ ಅದು ಸುಳ್ಳು ಸಾಕ್ಷಿ. ದಾರಿ ತಪ್ಪಿಸೋ ಜಾಹೀರಾತಿನ ಬಗ್ಗೆ 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದಿದೆ. ಶಿಫಾರಸು ಮಾಡೋನದ್ದು ನಿಜವಾದ ಅಭಿಪ್ರಾಯ ಆಗಿರ್ಬೇಕು. ದಂಡ 10 ಲಕ್ಷದವರೆಗೆ ಹಾಕಬಹುದು."

"10 ಲಕ್ಷ!" ಬೋಪಣ್ಣ ಕಾಫಿ ರೇಟು ಬಿದ್ದಾಗ ಎದೆ ಹಿಡಿದುಕೊಳ್ಳುವ ಹಾಗೇ ಹಿಡಿದುಕೊಂಡ. "ನನ್ನ ಪಂದಿ ಕರಿಗೆ ಸಾಕ್ಷಿ ಬೇಕಾಗಿಲ್ಲ. ಹುಳಿಗೆ ಹಾಕೋ ಕಾಚಂಪುಳಿ ಮನೇದೇ."

ಲೇಬಲ್ ವಿಷಯಕ್ಕೆ ಬಂದೆವು. ಲಲಿತಕ್ಕನಿಗೆ ಬಾಟಲಿಯ ಮೇಲೆ ತೀರಿಕೊಂಡ ತಾಯಿಯ ಚಿತ್ರ ಹಾಕಿಸುವ ಆಸೆ. ಜೇನು ಸಾಕುವುದನ್ನು ಕಲಿಸಿದವರು ಅವರೇ. ಇದ್ದದ್ದು ಒಂದೇ ಫೋಟೋ, ಮೂಲೆಯಲ್ಲಿ ಗೆದ್ದಲು ತಿಂದದ್ದು. ಹನೀಫ್ ಆ ಮುಖವನ್ನು, ಜೇನುಪೆಟ್ಟಿಗೆ ಹಿಡಿದು ನಿಂತ ಒಬ್ಬ ಅಜ್ಜಿಯ ಚಿತ್ರಕ್ಕೆ ಎಐಯಲ್ಲಿ ಕೂರಿಸಿ ತೋರಿಸಿದ. ಚೆನ್ನಾಗಿಯೇ ಬಂದಿತ್ತು. ಅಜ್ಜಿ ನಗುತ್ತಿದ್ದರು.

ಲಲಿತಕ್ಕ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು. "ಕಣ್ಣು ಅಮ್ಮನದ್ದೇ. ಆದ್ರೆ ಅಮ್ಮ ಯಾವತ್ತೂ ಹೀಗೆ ನಕ್ಕವರಲ್ಲ. ನಗು ಬಂದ್ರೆ ಸೆರಗು ಬಾಯಿಗೆ ಹಿಡೀತಿದ್ರು."

ದೀಕ್ಷಾ ಹೇಳಿದ್ದು ಸರಿಯಾಗಿತ್ತು. ಗುರುತು ಅಮ್ಮನದು, ನಗು ಆ ಇನ್ನೊಬ್ಬ ಅಜ್ಜಿಯದು.

"ವಿಷ್ಣುವರ್ಧನ್‌ಗೂ ಹಾಗೇ ಮಾಡಿದ್ರಲ್ಲ" ಅಂದ ಬೋಪಣ್ಣ. "2009ರಲ್ಲಿ ಹೋದೋರನ್ನ 2016ರ ಸಿನಿಮಾದಲ್ಲಿ ತಂದು ನಿಲ್ಲಿಸಿದ್ರು. ಬೇರೆಯವರ ಮೈ, ಅವರ ಮುಖ. ನಾನು ಥಿಯೇಟರಲ್ಲಿ ಎದ್ದು ನಿಂತು ಶಿಳ್ಳೆ ಹೊಡೆದಿದ್ದೆ."

"ನೀನು ಹೊಡೀತೀಯ. ಅದು ಮಗಳು ನೋಡೋ ಕಣ್ಣಲ್ಲ" ಅಂದರು ಲಲಿತಕ್ಕ. ಲೇಬಲ್ಲಿಗೆ ಗೆದ್ದಲು ತಿಂದ ಫೋಟೋವೇ ಇರಲಿ, ಮೂಲೆ ಮಾತ್ರ ಸರಿ ಮಾಡು ಅಂತ ಹೇಳಿ, ಬೆಲೆಯನ್ನೂ ಅಲ್ಲೇ ಚೌಕಾಸಿ ಮಾಡಿದರು.

ಬೋಪಣ್ಣನ ಮೂರನೇ ವಿಡಿಯೋದಲ್ಲಿ ಕಾಫಿ ಕೊಯ್ಯುವ ಹೆಂಗಸು ಇದ್ದಳು. ಇದೊಂದು ನಿಜವಾದ ಶೂಟಿಂಗ್, ಅವನ ತೋಟದ್ದೇ. ಅಸ್ಸಾಮಿನಿಂದ ಕೆಲಸಕ್ಕೆ ಬಂದವಳು, ತನ್ನ ಮುಖ ಹಾಕಬೇಡಿ ಅಂದಿದ್ದಳಂತೆ. ಅಳಿಯ ಯಾರದ್ದೂ ಅಲ್ಲದ, ಎಐಯೇ ಹುಟ್ಟಿಸಿದ ಒಂದು ಮುಖವನ್ನು ಅವಳಿಗೆ ಹಾಕಿದ್ದ. ಅಷ್ಟರ ಮಟ್ಟಿಗೆ ಒಳ್ಳೇ ಬುದ್ಧಿ. ಈ ಯಂತ್ರಕ್ಕೆ ಇದಕ್ಕಿಂತ ಮರ್ಯಾದೆಯ ಕೆಲಸ ನನಗೆ ತೋಚುವುದಿಲ್ಲ.

ಹನೀಫ್ ಕಣ್ಣು ಕಿರಿದು ಮಾಡಿ ನೋಡಿದ. "ಇದು ಕುಟ್ಟದಲ್ಲಿ ಬೇಕರಿ ಇಟ್ಟಿರೋರ ಸೊಸೆ ಅಲ್ವಾ?"

"ಯಾರೂ ಅಲ್ಲ ಅಂಕಲ್! ಆ ಮುಖ ಪ್ರಪಂಚದಲ್ಲೇ ಇಲ್ಲ."

"ಪ್ರಪಂಚದಲ್ಲಿ ಇಲ್ದೇ ಇರಬಹುದು. ಕುಟ್ಟದಲ್ಲಿದೆ."

ಲಲಿತಕ್ಕನೂ ಬಗ್ಗಿ ನೋಡಿ, "ಹೌದಲ್ಲ, ಅದೇ ಹಣೆ" ಅಂದುಬಿಟ್ಟರು. ಅಲ್ಲಿಗೆ ಆ ವಿಡಿಯೋದ ಕಥೆಯೂ ಮುಗಿಯಿತು. ಯಾರದ್ದೂ ಅಲ್ಲದ ಮುಖ ಕೊಡಗಿಗೆ ಒಗ್ಗುವುದಿಲ್ಲ.

"ಎಐ ಅಂತ ಕೆಳಗೆ ಬರೆದು ಹಾಕಿದ್ರೆ?" ಅಂದ ಬೋಪಣ್ಣ, ಇನ್ನೂ ಆಸೆ ಬಿಡದೆ.

"ಬರೀಲೇಬೇಕು" ಅಂದಳು ದೀಕ್ಷಾ. "ಕೇಂದ್ರ ಸರ್ಕಾರದ 2025ರ ಅಕ್ಟೋಬರಿನ ಕರಡು ನಿಯಮದಲ್ಲಿ, ಚಿತ್ರದ ಶೇ. 10ರಷ್ಟು ಜಾಗದಲ್ಲಿ ಲೇಬಲ್ ಇರ್ಬೇಕು ಅಂತಿತ್ತು. 2026ರ ಫೆಬ್ರವರಿಯಲ್ಲಿ ನಿಯಮ ಬಂದಾಗ ಆ ಶೇ. 10 ಬಿಟ್ರು. ಎದ್ದು ಕಾಣೋ ಹಾಗೆ ಹಾಕಬೇಕು ಅನ್ನೋದು ಉಳೀತು."

ಹನೀಫ್ ಶೇ. 10 ಕೇಳಿದವನು ಮುಂದಿನದ್ದು ಕೇಳಲೇ ಇಲ್ಲ. ಕ್ಯಾಲ್ಕುಲೇಟರ್ ಎಳೆದುಕೊಂಡಿದ್ದ. "ಹತ್ತಡಿಗೆ ಎಂಟಡಿ ಬೋರ್ಡು, 80 ಚದರಡಿ. ಅದರಲ್ಲಿ ಲೇಬಲ್ಲೇ 8 ಚದರಡಿ! ಚದರಡಿ ಲೆಕ್ಕದಲ್ಲೇ ಬಿಲ್ಲು ಬೋಪಣ್ಣ, ಈಗ್ಲೇ ಹೇಳಿದ್ದೀನಿ."

"ಅದು ಸೋಷಿಯಲ್ ಮೀಡಿಯಾಕ್ಕೆ ಅಂಕಲ್, ನಿಮ್ಮ ಬೋರ್ಡಿಗಲ್ಲ."

"ಛೆ" ಅಂತ ಕ್ಯಾಲ್ಕುಲೇಟರ್ ದೂಡಿದ.

ಕೊನೆಗೆ ಬೋಪಣ್ಣನೇ ಸೋತ. ನಿಜವಾದ ಫೋಟೋ ತೆಗೆಸುವುದು, ಇರುವ ಹಲ್ಲು ಇರುವ ಕೂದಲಿನಲ್ಲೇ. ಆದರೆ ಗಂಡಹೆಂಡತಿ ಇಬ್ಬರೂ ಇರಬೇಕಲ್ಲ? ಧೈರ್ಯ ಮಾಡಿ ಮನೆಗೆ ಫೋನ್ ಹಚ್ಚಿದ, ಸ್ಪೀಕರ್ ಹಾಕಿದ. ಈ ಸಲ ಕೇಳಿಯೇ ಕೇಳಿದ: "ಬೋರ್ಡಿಗೆ ಒಂದು ಫೋಟೋ ತೆಗೆಸೋದಾ?"

ಆ ಕಡೆಯಿಂದ ಬಹಳ ಹೊತ್ತು ಬರೀ ಮಳೆಯ ಸದ್ದು. ಆಮೇಲೆ ಉತ್ತರ ಬಂತು: "ತೆಗೆಸುವ. ಆದ್ರೆ ನಾನು ಸೀರೆ ಸರಿಯಾಗಿ ಉಟ್ಟಿದ್ದೇನೆ ಅಂತ ಎಲ್ರಿಗೂ ಗೊತ್ತಾಗ್ಬೇಕು. ನೆರಿಗೆ ಕಾಣ್ಬೇಕು."

"ನೆರಿಗೆ ಹಿಂದೆ ಅಲ್ವಾ ಇರೋದು? ನೆರಿಗೆ ಕಂಡ್ರೆ ನಿನ್ನ ಮುಖ ಹೇಗೆ ಕಾಣೋದು?"

"ಅದು ನಿಮ್ಮ ತಲೆನೋವು" ಅಂತ ಫೋನಿಟ್ಟಳು.

ಹನೀಫ್ ಆರ್ಡರ್ ಪುಸ್ತಕ ತೆಗೆದು ಬರೆದುಕೊಂಡ: ಗಂಡ ಮುಂದಿನಿಂದ, ಹೆಂಡತಿ ಹಿಂದಿನಿಂದ, ಹತ್ತಡಿ ಎಂಟಡಿ. "ಅಡ್ವಾನ್ಸ್ ಕೊಡು" ಅಂದ.